ಇನ್ನೊಂದು ವರ್ಷ ಇದ್ದು ಡಿಗ್ರಿ ಮುಗಿಸಬಾರದಿತ್ತಾ?

ಪ್ರತಿ ಜನವರಿಯಲ್ಲಿ ಈ ಪ್ರಶ್ನೆ ನನ್ನ ಬೆನ್ನು ಹತ್ತುತ್ತದೆ. ನಾನಿರುವುದು ಟೆಕ್ಸಸ್‌ನಲ್ಲಿ. ಇಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ಊರಿಗೆ ಊರೇ ಹುಚ್ಚಾಗುತ್ತದೆ. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕದ ಫುಟ್‌ಬಾಲ್. ಸೀಸನ್ ಮುಗಿಯುತ್ತಿದ್ದಂತೆ ಇಪ್ಪತ್ತೊಂದು ವರ್ಷದ ಯಾವನೋ ಸ್ಟಾರ್ ಆಟಗಾರ, ಕಾಲೇಜಿನಲ್ಲಿ ಇನ್ನೊಂದು ವರ್ಷ ಆಡುವ ಅವಕಾಶ ಇದ್ದರೂ, "ನಾನು ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಹೋಗ್ತಿದೀನಿ" ಅಂತ ಒಂದು ಪೋಸ್ಟ್ ಹಾಕಿಬಿಡುತ್ತಾನೆ. ಎನ್‌ಎಫ್‌ಎಲ್ ಅಂದರೆ ಸಂಬಳಕ್ಕೆ ಆಡುವ ದೊಡ್ಡ ಲೀಗು. ಡ್ರಾಫ್ಟ್ ಅಂದರೆ ಅದರ ತಂಡಗಳು ಕಾಲೇಜು ಆಟಗಾರರನ್ನು ಸರದಿ ಪ್ರಕಾರ, ರೌಂಡು ರೌಂಡಾಗಿ ಆರಿಸಿಕೊಳ್ಳುವುದು; ಹೆಸರು ಎಷ್ಟು ಬೇಗ ಬರುತ್ತದೋ ದುಡ್ಡು ಅಷ್ಟು ಜಾಸ್ತಿ. ಡ್ರಾಫ್ಟ್‌ಗೆ ಹೋಗುತ್ತೇನೆ ಅಂತ ಹೇಳಲು ಕೊನೆಯ ದಿನ ಸಾಮಾನ್ಯವಾಗಿ ಜನವರಿ 15ರ ಆಸುಪಾಸು. ಹಾಗಾಗಿ ಕನ್ನಡ ಕೂಟದ ಸಂಕ್ರಾಂತಿ ಊಟದಲ್ಲಿ ಈ ಸುದ್ದಿ ಬಿಸಿ ಬಿಸಿ ಇರುತ್ತದೆ. ನಾನು ಆಟ ನೋಡುವವನು ಅಂತ ಗೊತ್ತಿರುವವರೆಲ್ಲ ನನ್ನನ್ನೇ ಹಿಡಿದು ಕೇಳುತ್ತಾರೆ: "ಅಲ್ರೀ, ಅಷ್ಟು ದೊಡ್ಡ ಯೂನಿವರ್ಸಿಟಿ, ಫೀಸೂ ಇಲ್ಲ. ಇನ್ನೊಂದು ವರ್ಷ ಇದ್ದು ಡಿಗ್ರಿ ಮುಗಿಸಬಾರದಿತ್ತಾ? ನಮ್ಮ ಕುಂಬ್ಳೆ, ಶ್ರೀನಾಥ್ ಎಲ್ಲ ಇಂಜಿನಿಯರಿಂಗ್ ಮಾಡಿಕೊಂಡೇ ಆಡಲಿಲ್ವಾ?"

ನನ್ನ ಉತ್ತರ: ಮೊದಲ ರೌಂಡಿನಲ್ಲಿ ಹೆಸರು ಬರುತ್ತೆ ಅಂತಿದ್ದರೆ ಹೋಗಲೇಬೇಕು, ಯೋಚನೆಯನ್ನೇ ಮಾಡಬಾರದು. ಅದಕ್ಕಿಂತ ಕೆಳಗೆ ಅಂತಾದರೆ ಈಗ ಲೆಕ್ಕ ಬದಲಾಗಿದೆ, ಇರುವುದೇ ಒಳ್ಳೆಯದು. ಡಿಗ್ರಿಗೂ ಈ ಲೆಕ್ಕಕ್ಕೂ ಸಂಬಂಧ ತುಂಬಾ ಕಮ್ಮಿ.

ಮೊದಲು ಕುಂಬ್ಳೆ ವಿಷಯ ಮುಗಿಸೋಣ. ಅನಿಲ್ ಕುಂಬ್ಳೆ 1990ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಇನ್ನೂ ಇಂಜಿನಿಯರಿಂಗ್ ವಿದ್ಯಾರ್ಥಿ. ದೇಶಕ್ಕೂ ಆಡಬಹುದು, ಬೆಂಗಳೂರಿನ ಆರ್‌ವಿ ಕಾಲೇಜಿಗೆ ವಾಪಸ್ ಬಂದು ಪರೀಕ್ಷೆಯನ್ನೂ ಬರೆಯಬಹುದು. ಕ್ರಿಕೆಟ್‌ನಲ್ಲಿ ಕಾಲೇಜು ಬೇರೆ, ಕ್ಲಬ್ಬು ಬೇರೆ, ರಣಜಿ ಬೇರೆ. ಅಮೆರಿಕದ ಫುಟ್‌ಬಾಲ್‌ನಲ್ಲಿ ಕ್ಲಬ್ಬೂ ಇಲ್ಲ, ರಣಜಿಯೂ ಇಲ್ಲ. ಹೈಸ್ಕೂಲು, ಆಮೇಲೆ ಕಾಲೇಜು, ಆಮೇಲೆ ಎನ್‌ಎಫ್‌ಎಲ್, ಅಷ್ಟೇ. ಹೈಸ್ಕೂಲು ಮುಗಿದು ಮೂರು ಸೀಸನ್ ಕಳೆಯುವವರೆಗೆ ಎನ್‌ಎಫ್‌ಎಲ್ ಬಾಗಿಲು ತೆರೆಯುವುದಿಲ್ಲ. ಅಲ್ಲಿಗೆ ಕಾಲಿಟ್ಟ ಮೇಲೆ ಕಾಲೇಜು ತಂಡಕ್ಕೆ ವಾಪಸ್ ಬರುವ ಹಾಗಿಲ್ಲ.

ಈ ಮೂರು ವರ್ಷದ ನಿಯಮವನ್ನು ಒಬ್ಬ ಕೋರ್ಟಿಗೂ ಎಳೆದಿದ್ದ. ಮೌರಿಸ್ ಕ್ಲಾರೆಟ್ 2002ರಲ್ಲಿ ಮೊದಲ ವರ್ಷದ ಹುಡುಗನಾಗಿಯೇ ಓಹಾಯೋ ಸ್ಟೇಟ್ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದವನು. ಮರುವರ್ಷ ಕಾಲೇಜು ಅವನನ್ನು ಆಟದಿಂದ ಹೊರಗಿಟ್ಟಿತು. ಅವನು ಎನ್‌ಎಫ್‌ಎಲ್ ಮೇಲೆ ಕೇಸು ಹಾಕಿದ. 2004ರ ಫೆಬ್ರವರಿಯಲ್ಲಿ ಗೆದ್ದ, ಮೇನಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಸೋತ. ಆ ತೀರ್ಪು ಬರೆದವರು ಸೋನಿಯಾ ಸೊಟೊಮಯೋರ್, ಈಗ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿದ್ದಾರೆ. ಎರಡು ಸೀಸನ್ ಆಟವಿಲ್ಲದೆ ಕೂತ ಕ್ಲಾರೆಟ್‌ನನ್ನು 2005ರಲ್ಲಿ ಡೆನ್ವರ್ ಮೂರನೇ ರೌಂಡಿನಲ್ಲಿ ತೆಗೆದುಕೊಂಡಿತು. ಸೀಸನ್ನಿನ ಒಂದೇ ಒಂದು ಪಂದ್ಯ ಆಡುವ ಮೊದಲೇ ಕೈಬಿಟ್ಟಿತು.

"ಪುಕ್ಕಟೆ ಓದು" ಅನ್ನುವ ಮಾತಿಗೂ ಉತ್ತರ ಹೇಳಬೇಕು. ಸ್ಕಾಲರ್‌ಶಿಪ್ ಸುಮ್ನೆ ಕೊಡುವುದಿಲ್ಲ. ವಾರಕ್ಕೆ 20 ಗಂಟೆಗಿಂತ ಜಾಸ್ತಿ ಅಭ್ಯಾಸ ಮಾಡಿಸಬಾರದು ಅಂತ ನಿಯಮ ಇದೆ, ಆದರೆ ಪ್ರಯಾಣ, ಫಿಸಿಯೋ, ತಾವಾಗಿಯೇ ಕೂತು ನೋಡುವ ವಿಡಿಯೋ ಇದೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ಕ್ರೀಡಾಂಗಣ ತುಂಬುತ್ತದೆ, ಟಿವಿ ದುಡ್ಡು ಬರುತ್ತದೆ, ಕೋಚ್‌ಗೆ ಕೋಟಿಗಟ್ಟಲೆ ಸಂಬಳ. 2021ರ ಜುಲೈವರೆಗೆ ಹುಡುಗ ಮಾತ್ರ ತನ್ನ ಹೆಸರಿನಿಂದ ಒಂದು ಡಾಲರ್ ಕೂಡ ದುಡಿಯುವಂತಿರಲಿಲ್ಲ. ಜಾರ್ಜಿಯಾ ಯೂನಿವರ್ಸಿಟಿಯ ಆಟಗಾರ ಎ. ಜೆ. ಗ್ರೀನ್ ತಾನು ತೊಟ್ಟು ಆಡಿದ್ದ ಒಂದು ಜೆರ್ಸಿಯನ್ನು 1,000 ಡಾಲರಿಗೆ ಮಾರಿದ ಅಂತ 2010ರಲ್ಲಿ ನಾಲ್ಕು ಪಂದ್ಯ ಹೊರಗೆ ಕೂರಿಸಿದರು. ಅದೇ 8ನೇ ನಂಬರಿನ ಜೆರ್ಸಿ ಆಗ ಯೂನಿವರ್ಸಿಟಿಯ ಅಂಗಡಿಯಲ್ಲಿ ಮಾರಾಟಕ್ಕಿತ್ತು! ಆ ಸೀಸನ್ ಮುಗಿದ ಕೂಡಲೇ ಗ್ರೀನ್ ಡ್ರಾಫ್ಟ್‌ಗೆ ಹೊರಟ, ನಾಲ್ಕನೆಯವನಾಗಿ ಆಯ್ಕೆಯಾದ. ಡಿಗ್ರಿ ಯಾಕೆ ಬಿಟ್ಟ ಅಂತ ಅವನನ್ನು ಕೇಳಲು ನನಗಂತೂ ಬಾಯಿ ಬರುವುದಿಲ್ಲ.

ಇನ್ನು ಮೈಕೈ ವಿಷಯ. ದಕ್ಷಿಣ ಕ್ಯಾರೋಲಿನಾದ ಮಾರ್ಕಸ್ ಲ್ಯಾಟಿಮೋರ್ ಕಥೆಯನ್ನು ಕೇಳಿದವರಿಗೆಲ್ಲ ಹೇಳುತ್ತೇನೆ. 2010ರಲ್ಲಿ, ಕಾಲೇಜಿನ ಮೊದಲ ವರ್ಷದಲ್ಲೇ, ಅವನು 1,197 ಗಜ ಓಡಿ 17 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಹೊಡೆದ. ಬಾಗಿಲು ತೆರೆದಿದ್ದರೆ ಆವತ್ತೇ ಎನ್‌ಎಫ್‌ಎಲ್ ತಂಡಗಳು ಬಾಚಿಕೊಳ್ಳುತ್ತಿದ್ದವು. ಮೂರು ವರ್ಷದ ನಿಯಮ ಬಿಡಲಿಲ್ಲ. 2011ರಲ್ಲಿ ಎಡ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಆಗಿ ವಾಪಸ್ ಬಂದ. 2012ರ ಅಕ್ಟೋಬರ್ 27, ಎದುರಾಳಿ ಟೆನೆಸಿ. ಚೆಂಡು ಹಿಡಿದು ಓಡುತ್ತಿದ್ದವನ ಬಲ ಮಂಡಿಗೆ ನೇರ ಏಟು ಬಿತ್ತು. ಬಿದ್ದ ಮೇಲೆ ಮಂಡಿಯ ಕೆಳಗಿನ ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ಎರಡೂ ತಂಡದ ಆಟಗಾರರು ಬೆಂಚು ಬಿಟ್ಟು ಮೈದಾನಕ್ಕೆ ಬಂದು ಅವನ ಸುತ್ತ ನಿಂತರು. ಎದುರಾಳಿಗಳು ಹಾಗೆ ಬಂದು ನಿಲ್ಲುವುದನ್ನು ಈ ಆಟದಲ್ಲಿ ನೋಡುವುದೇ ಅಪರೂಪ. ಎರಡು ದಿನ ಬಿಟ್ಟು ಅವನಿಗೆ 21 ತುಂಬುವುದಿತ್ತು. ಸ್ಯಾನ್ ಫ್ರಾನ್ಸಿಸ್ಕೋ ತಂಡ 2013ರಲ್ಲಿ ಅವನನ್ನು ನಾಲ್ಕನೇ ರೌಂಡಿನಲ್ಲಿ, 131ನೆಯವನಾಗಿ ತೆಗೆದುಕೊಂಡಿತು. 2014ರ ನವೆಂಬರಿನಲ್ಲಿ, ಎನ್‌ಎಫ್‌ಎಲ್‌ನಲ್ಲಿ ಒಂದೂ ಪಂದ್ಯ ಆಡದೆ, ಅವನು ನಿವೃತ್ತಿ ಹೇಳಿದ.

ಲ್ಯಾಟಿಮೋರ್‌ನಂತೆ ಚೆಂಡು ಹಿಡಿದು ಓಡುವ, ರನ್ನಿಂಗ್ ಬ್ಯಾಕ್ ಅನ್ನುವ ಈ ಜಾಗದಲ್ಲಿ ಆಡುವವರ ವಿಷಯದಲ್ಲಿ ನಾನು ಜಾಸ್ತಿ ಹಟಮಾರಿ. ಪ್ರತಿ ಓಟಕ್ಕೂ ಮೈಮೇಲೆ ಇಬ್ಬರು ಮೂವರು ಬೀಳುತ್ತಾರೆ. ಕಾಲೇಜಿನಲ್ಲಿ ಬಿದ್ದ ಏಟೂ ಅದೇ ಮೈಗೆ ಲೆಕ್ಕ.

ದುಡ್ಡಿನ ಲೆಕ್ಕ ಹೀಗಿದೆ. 2011ಕ್ಕೂ ಮೊದಲು ಡ್ರಾಫ್ಟ್‌ನ ಮೊದಲ ಹುಡುಗನಿಗೆ ಚೌಕಾಸಿ ಮಾಡಿದಷ್ಟು ಸಿಗುತ್ತಿತ್ತು. 2010ರಲ್ಲಿ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್, ಅದರಲ್ಲಿ 5 ಕೋಟಿ ಖಾತರಿ. ಮರುವರ್ಷ ಲೀಗಿಗೂ ಆಟಗಾರರ ಸಂಘಕ್ಕೂ ಹೊಸ ಒಪ್ಪಂದ ಆಯಿತು, ಹೊಸಬರ ಸಂಬಳಕ್ಕೆ ಕಟ್ಟು ಬಿತ್ತು. 2011ರ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಅಂದರೆ ಈಗ ನಿಜವಾದ ದುಡ್ಡು ಇರುವುದು ಎರಡನೇ ಕಾಂಟ್ರಾಕ್ಟಿನಲ್ಲಿ. ಮೊದಲನೆಯದು ನಾಲ್ಕು ವರ್ಷದ್ದು, ಮೂರು ಸೀಸನ್ ಮುಗಿಯುವವರೆಗೆ ಅದನ್ನು ತಿದ್ದುವಂತೆಯೂ ಇಲ್ಲ. ಕಾಲೇಜಿನಲ್ಲಿ ಒಂದು ವರ್ಷ ಜಾಸ್ತಿ ಕೂತರೆ ಎರಡನೇ ಕಾಂಟ್ರಾಕ್ಟ್ ಒಂದು ವರ್ಷ ತಡ. ಆಟಗಾರರ ಸಂಘವೇ ಹೇಳುವ ಪ್ರಕಾರ ಎನ್‌ಎಫ್‌ಎಲ್‌ನಲ್ಲಿ ಸರಾಸರಿ ಬಾಳಿಕೆ ಮೂರು ಚಿಲ್ಲರೆ ವರ್ಷ. ಆ ವರ್ಷವನ್ನು ಎಲ್ಲಿಂದ ತರುವುದು?

ಇಷ್ಟು ಹೇಳಿದರೆ ಯಾರಾದರೂ ಆಂಡ್ರೂ ಲಕ್ ಹೆಸರು ತೆಗೆಯುತ್ತಾರೆ. ಸ್ಟಾನ್‌ಫರ್ಡ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನು. 2011ರ ಜನವರಿಯಲ್ಲಿ ಡ್ರಾಫ್ಟ್‌ಗೆ ಹೋಗಿದ್ದರೆ ಮೊದಲ ಹೆಸರು ಅವನದೇ ಅಂತ ಎಲ್ಲರೂ ಹೇಳುತ್ತಿದ್ದರು. ಅವನು ಹೋಗಲಿಲ್ಲ, ಆರ್ಕಿಟೆಕ್ಚರಲ್ ಡಿಸೈನ್ ಡಿಗ್ರಿ ಮುಗಿಸುತ್ತೇನೆ ಅಂದ. ಮುಗಿಸಿದ. 2012ರಲ್ಲಿ ಮತ್ತೆ ಮೊದಲನೆಯವನಾಗಿಯೇ ಇಂಡಿಯಾನಾಪೊಲಿಸ್‌ಗೆ ಹೋದ. ಒಳ್ಳೆಯ ಹುಡುಗ, ಒಳ್ಳೆಯ ಕಥೆ. ಆದರೆ ಅವನ ಅಪ್ಪ ಆಲಿವರ್ ಲಕ್ ಎನ್‌ಎಫ್‌ಎಲ್‌ನಲ್ಲೇ ಕ್ವಾರ್ಟರ್‌ಬ್ಯಾಕ್ ಆಗಿದ್ದವರು, ಆಮೇಲೆ ವಕೀಲಿಕೆ ಓದಿದವರು. ಮಗನ ಮಂಡಿ ಹೋಗಿದ್ದರೂ ಮನೆ ನಡೆಯುತ್ತಿತ್ತು. ಅಮ್ಮನ ಬಾಡಿಗೆ ಕಟ್ಟಬೇಕಾದ ಹುಡುಗನ ಮುಂದೆ ಲಕ್ ಉದಾಹರಣೆ ಇಡುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟಕ್ಕೂ ಲಕ್ ಏಟಿನ ಮೇಲೆ ಏಟು ತಿಂದು 2019ರ ಆಗಸ್ಟ್‌ನಲ್ಲಿ, 29ನೇ ವಯಸ್ಸಿಗೇ ಆಟ ಬಿಟ್ಟ.

ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಲೈನಾರ್ಟ್ ಕೂಡ ಉಳಿದವನೇ. ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು 2004ರಲ್ಲಿ ಗೆದ್ದು, ಮತ್ತೆ ಒಂದು ವರ್ಷ ಯುಎಸ್‌ಸಿಯಲ್ಲಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ಆಡಿದ. ಆ ಸೆಮಿಸ್ಟರ್‌ನಲ್ಲಿ ಅವನು ತೆಗೆದುಕೊಂಡಿದ್ದ ಒಂದೇ ಒಂದು ವಿಷಯ ಬಾಲ್‌ರೂಮ್ ಡ್ಯಾನ್ಸ್! ಕೊನೆಯಲ್ಲಿ ನಮ್ಮ ಟೆಕ್ಸಸ್ ಎದುರು ಆ ಸಲದ ರಾಷ್ಟ್ರೀಯ ಫೈನಲ್ ಆಗಿದ್ದ ರೋಸ್ ಬೌಲ್ ಸೋತ, 2006ರ ಡ್ರಾಫ್ಟ್‌ನಲ್ಲಿ ಹತ್ತನೇ ಸ್ಥಾನಕ್ಕೆ ಜಾರಿದ. ತಮಾಷೆ ಅಂದರೆ, 2005ರಲ್ಲಿ ಬೇಗ ಹೊರಟು ಮೊದಲನೆಯವನಾಗಿ ಹೋದ ಯೂಟಾದ ಅಲೆಕ್ಸ್ ಸ್ಮಿತ್ ಎರಡೇ ವರ್ಷದಲ್ಲಿ ಅರ್ಥಶಾಸ್ತ್ರದ ಡಿಗ್ರಿ ಮುಗಿಸಿಕೊಂಡಿದ್ದ. ಹೋದವನ ಹತ್ತಿರ ಡಿಗ್ರಿ, ಉಳಿದವನಿಗೆ ಡ್ಯಾನ್ಸ್ ಕ್ಲಾಸು.

ಡಿಗ್ರಿ ಆಮೇಲೆ ಮುಗಿಸಬಹುದು. ಎಮಿಟ್ ಸ್ಮಿತ್ 1990ರಲ್ಲಿ ಫ್ಲೋರಿಡಾ ಯೂನಿವರ್ಸಿಟಿ ಬಿಟ್ಟು ಡಲ್ಲಾಸ್‌ಗೆ ಬಂದಾಗ, ಓದು ಮುಗಿಸುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದ. ಮೂರು ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಗೆದ್ದ ಮೇಲೆ, 1996ರಲ್ಲಿ, ಡಿಗ್ರಿ ತೆಗೆದುಕೊಂಡ. ಎಲ್ಲರೂ ಹೀಗೆ ವಾಪಸ್ ಹೋಗುವುದಿಲ್ಲ, ನಿಜ. ಆದರೆ ಓದುವ ಮನಸ್ಸಿದ್ದವನಿಗೆ ಕಾಲೇಜು ಬಾಗಿಲು ಹಾಕಿಲ್ಲ.

ಇಲ್ಲಿಯವರೆಗಿನದು ನನ್ನ ಹಳೆಯ ಉತ್ತರ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿಕೊಂಡು ದುಡಿಯಬಹುದು ಅಂತಾಯಿತು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು, ಮೊದಲ ವರ್ಷ ಒಂದು ಕಾಲೇಜು ಎಲ್ಲ ಆಟಗಳೂ ಸೇರಿ ಸುಮಾರು 2 ಕೋಟಿ ಡಾಲರ್‌ವರೆಗೆ. ಇದರಿಂದ ತಲೆಕೆಳಗಾಗಿದ್ದು ಮೊದಲ ರೌಂಡಿನವರ ಲೆಕ್ಕವಲ್ಲ, ಅವರ ಹಿಂದೆ ನಿಂತವರ ಲೆಕ್ಕ.

ನಮ್ಮ ಆಸ್ಟಿನ್‌ನ ಕ್ವಿನ್ ಯೂವರ್ಸ್‌ನನ್ನೇ ನೋಡಿ. ಎರಡು ವರ್ಷ ಸತತವಾಗಿ ಟೆಕ್ಸಸ್ ತಂಡವನ್ನು ಸೆಮಿಫೈನಲ್‌ಗೆ ಒಯ್ದವನು. ಒಂದು ವರ್ಷ ಬಾಕಿ ಇತ್ತು. ಟೆಕ್ಸಸ್‌ನಲ್ಲಿ ಅವನದೇ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಆರ್ಚ್ ಮ್ಯಾನಿಂಗ್ ಅನ್ನುವವನು ಸರದಿಗೆ ಕಾಯುತ್ತಿದ್ದ, ಹಾಗಾಗಿ ಆಡಬೇಕಿದ್ದರೆ ಬೇರೆ ಕಾಲೇಜಿಗೆ ಹೋಗಬೇಕಿತ್ತು. ಹಾಗೆ ಹೋದರೆ ಒಂದೇ ವರ್ಷಕ್ಕೆ 80 ಲಕ್ಷ ಡಾಲರ್‌ವರೆಗೆ ಸಿಗುತ್ತಿತ್ತು ಅಂತ ವರದಿಯಾಗಿತ್ತು. ಅವನು ಡ್ರಾಫ್ಟ್‌ಗೆ ಹೋದ. 2025ರ ಏಪ್ರಿಲ್‌ನಲ್ಲಿ ಮೂರು ದಿನ ಕಾದು ಕೂತ ಮೇಲೆ ಏಳನೇ ರೌಂಡಿನಲ್ಲಿ, 231ನೇ ಹೆಸರಾಗಿ ಎನ್‌ಎಫ್‌ಎಲ್‌ನ ಮಯಾಮಿ ಡಾಲ್ಫಿನ್ಸ್ ತಂಡ ಕರೆಯಿತು. ನಾಲ್ಕು ವರ್ಷಕ್ಕೆ ಸುಮಾರು 43 ಲಕ್ಷ, ಅದೂ ಹೆಚ್ಚಿನದು ಖಾತರಿಯಿಲ್ಲದ್ದು.

ಅದೇ ಡ್ರಾಫ್ಟ್‌ನ ಮೊದಲ ಹೆಸರು ಕ್ಯಾಮ್ ವಾರ್ಡ್. ಅವನೂ ಒಂದು ವರ್ಷ ಮೊದಲೇ, 2024ರ ಜನವರಿಯಲ್ಲಿ, ಹೋಗುತ್ತೇನೆ ಅಂತ ಹೇಳಿಯಾಗಿತ್ತು. ಎರಡು ವಾರದೊಳಗೆ ಮನಸ್ಸು ಬದಲಿಸಿ ಮಯಾಮಿ ಯೂನಿವರ್ಸಿಟಿಗೆ ಸೇರಿದ. ಅಲ್ಲಿ ಆಡಿದ ಒಂದು ಸೀಸನ್ ಅವನನ್ನು ಮೊದಲ ಸ್ಥಾನಕ್ಕೆ ಏರಿಸಿತು. ಟೆನೆಸಿ ಟೈಟನ್ಸ್ ಜೊತೆ ನಾಲ್ಕು ವರ್ಷಕ್ಕೆ 4.8 ಕೋಟಿ ಡಾಲರ್ ಮೇಲೆ.

ಹುಡುಗರಿಗೆ ತಮ್ಮ ಸ್ಥಾನ ಮೊದಲೇ ಹೇಗೆ ಗೊತ್ತಾಗುತ್ತದೆ ಅಂತೀರಾ? ಕೇಳಿದವರಿಗೆ ಎನ್‌ಎಫ್‌ಎಲ್‌ನ ಒಂದು ಸಲಹಾ ಸಮಿತಿ ಅಂದಾಜು ಕೊಡುತ್ತದೆ. ಉತ್ತರ ಮೂರೇ ಬಗೆ: ಮೊದಲ ರೌಂಡು, ಎರಡನೇ ರೌಂಡು, ಇಲ್ಲವೇ ಕಾಲೇಜಿನಲ್ಲೇ ಇರು. ಆ ಮೂರನೇ ಉತ್ತರ ಬಂದರೂ ಹೊರಡುತ್ತಿದ್ದವರು ಹಿಂದೆ ಬೇಕಾದಷ್ಟು ಜನ ಇದ್ದರು. ಮನೆಯಲ್ಲಿ ದುಡ್ಡಿಲ್ಲ, ಕಾಲೇಜು ಕೊಡುವುದಿಲ್ಲ, ಇನ್ನೇನು ಮಾಡ್ತಾರೆ? ಈಗ ಅಂಥವರು ಉಳಿಯುತ್ತಿದ್ದಾರೆ. 2021ರಲ್ಲಿ ನೂರಕ್ಕೂ ಹೆಚ್ಚು ಹುಡುಗರು ಬೇಗ ಹೊರಟಿದ್ದರು, 2024ರಲ್ಲಿ ಆ ಸಂಖ್ಯೆ ಅರವತ್ತರ ಒಳಗೆ ಇಳಿದಿತ್ತು.

ಕ್ಲಾರೆಟ್ ಬೇಗ ಬಿಡಿ ಅಂತ ಕೋರ್ಟಿಗೆ ಹೋಗಿದ್ದ ಅಂದೆನಲ್ಲ. ವ್ಯಾಂಡರ್‌ಬಿಲ್ಟ್‌ನ ಕ್ವಾರ್ಟರ್‌ಬ್ಯಾಕ್ ಡಿಯೆಗೊ ಪಾವಿಯಾ 2024ರ ನವೆಂಬರಿನಲ್ಲಿ ಇನ್ನೊಂದು ವರ್ಷ ಕಾಲೇಜಿನಲ್ಲೇ ಇರಲು ಬಿಡಿ ಅಂತ ಕೋರ್ಟಿಗೆ ಹೋದ. ಮೊದಲು ಜೂನಿಯರ್ ಕಾಲೇಜಿನಲ್ಲಿ (ನಮ್ಮ ಪಿಯುಸಿ ಅಲ್ಲ, ಹೈಸ್ಕೂಲಿನ ನಂತರದ ಎರಡು ವರ್ಷದ ಕಾಲೇಜು) ಆಡಿದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನುವುದು ಅವನ ವಾದ. ಡಿಸೆಂಬರಿನಲ್ಲಿ ಕೋರ್ಟ್ ಅವನ ಕಡೆ ಆದೇಶ ಕೊಟ್ಟಿತು. 2025ರ ಸೀಸನ್ ಪೂರ್ತಿ ಆಡಿದ, ಹೈಸ್ಮನ್ ಪಟ್ಟಿಯಲ್ಲಿ ಎರಡನೆಯವನಾದ.