ಎರಡನ್ನೂ ಬೆರೆಸಿದ್ರೆ ಎರಡೂ ಕೆಡಲ್ವಾ?

ಇಟಲಿಯ ಸ್ಯಾಕ್ಸೊಫೋನ್ ವಾದಕ ಗವೀನೊ ಮುರ್ಜಾ ಅವರ ಸಂಗೀತವನ್ನು ಯಾರಿಗೆ ಕೇಳಿಸಿದರೂ ಸ್ವಲ್ಪ ಹೊತ್ತಿಗೆ ಇದೇ ಪ್ರಶ್ನೆ ಬರುತ್ತದೆ. ‘ಚೆನ್ನಾಗಿದೆ. ಆದ್ರೆ ಇದು ಫ್ಯೂಷನ್ ಅಲ್ವಾ? ಜಾಝ್ ಬೇಕಾದೋರಿಗೆ ಜಾಝ್ ಸಾಲಲ್ಲ, ಜಾನಪದ ಬೇಕಾದೋರಿಗೆ ಜಾನಪದ ಸಿಗಲ್ಲ. ಸುಮ್ನೆ ಎರಡನ್ನೂ ಬೆರೆಸಿ ಎರಡೂ ಕೆಡಿಸೋದು ಯಾಕೆ?’ ಎದುರಿಗೆ ಕೂತಾಗ ಒಂದೆರಡು ಮಾತಲ್ಲಿ ಮುಗಿಸಿಬಿಡುತ್ತೇನೆ. ಇವತ್ತು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕೆಡುತ್ತದೆ. ಎಷ್ಟೋ ಸಲ ಕೆಡುತ್ತದೆ. ಕೆಳಗೆ ಡ್ರಮ್ಸು, ಕೀಬೋರ್ಡು ತಮ್ಮ ಪಾಡಿಗೆ ಹೋಗುತ್ತಿರುತ್ತವೆ. ಮೇಲೆ ಯಾವುದೋ ಊರಿನ ಕೊಳಲನ್ನು ಒಗ್ಗರಣೆ ಹಾಕಿರುತ್ತಾರೆ. ಅದನ್ನು ತೆಗೆದುಹಾಕಿದರೂ ಹಾಡಿಗೆ ಏನೂ ಆಗುವುದಿಲ್ಲ. ನಾನು ನೋಡುವುದು ಇಷ್ಟನ್ನೇ: ತೆಗೆದರೆ ಹಾಡು ನಿಲ್ಲುತ್ತದೋ ಬೀಳುತ್ತದೋ? ಮುರ್ಜಾ ಅವರದ್ದು ಬೀಳುತ್ತದೆ. ಯಾಕೆ ಅಂತ ಹೇಳಬೇಕಾದರೆ ಅವರ ಊರಿನಿಂದ ಶುರು ಮಾಡಬೇಕು.

ಮುರ್ಜಾ ಸಾರ್ಡಿನಿಯಾದವರು. ಇಟಲಿಗೆ ಸೇರಿದ ದೊಡ್ಡ ದ್ವೀಪ ಅದು. ಅಲ್ಲಿ ಲೌನೆದ್ದಾಸ್ ಅಂತ ಒಂದು ವಾದ್ಯವಿದೆ. ಲಾಳದ ಕಡ್ಡಿಯಂಥ ಜೊಂಡಿನ ಮೂರು ಕೊಳವೆಗಳು. ಮೂರರ ತುದಿಯನ್ನೂ ಒಟ್ಟಿಗೇ ಬಾಯೊಳಗೆ ಇಟ್ಟುಕೊಂಡು ಊದಬೇಕು. ಎಲ್ಲಕ್ಕಿಂತ ಉದ್ದದ್ದರ ಹೆಸರು ‘ತುಂಬು’. ಅದಕ್ಕೆ ಬೆರಳಿಡುವ ತೂತೇ ಇಲ್ಲ, ಒಂದೇ ಸಮನೆ ಶ್ರುತಿ ಹಿಡಿದಿರುತ್ತದೆ. ಅದಕ್ಕೇ ಕಟ್ಟಿದ ಎರಡನೆಯದನ್ನು ಎಡಗೈ ನೋಡಿಕೊಳ್ಳುತ್ತದೆ, ಮೂರನೆಯ ಪುಟ್ಟದ್ದನ್ನು ಬಲಗೈ. ಶ್ರುತಿ ಆಚೀಚೆ ಆದರೆ ಕೊಳವೆಯ ತುದಿಯಲ್ಲಿ ಅದುರುವ ಜೊಂಡಿನ ನಾಲಿಗೆಗೆ ಚೂರು ಜೇನುಮೇಣ ಮೆತ್ತಿ ಸರಿ ಮಾಡಿಕೊಳ್ಳುತ್ತಾರೆ. ಹಾವಾಡಿಗರ ಪುಂಗಿ ನೆನಪಾಯಿತಲ್ವಾ? ಒಂದು ಕೊಳವೆ ಶ್ರುತಿಗೆ, ಒಂದು ರಾಗಕ್ಕೆ. ಪುಂಗಿಗೆ ಗಾಳಿ ತುಂಬಿಕೊಳ್ಳಲು ಸೋರೆಬುರುಡೆ ಇದೆ. ಲೌನೆದ್ದಾಸಿಗೆ ನುಡಿಸುವವರ ಕೆನ್ನೆಯೇ ಬುರುಡೆ.

ಇದರಲ್ಲಿ ಉಸಿರು ನಿಲ್ಲಿಸುವ ಹಾಗೇ ಇಲ್ಲ. ಕೆನ್ನೆಯಲ್ಲಿ ಹಿಡಿದಿಟ್ಟ ಗಾಳಿಯನ್ನು ಹೊರಗೆ ತಳ್ಳುತ್ತಲೇ ಮೂಗಿನಿಂದ ಹೊಸ ಗಾಳಿ ಎಳೆದುಕೊಳ್ಳಬೇಕು. ಕುಣಿತಕ್ಕೆ ನುಡಿಸುವ ವಾದ್ಯ, ಕುಣಿಯುವವರು ನಿಲ್ಲುವ ತನಕ ದನಿ ಹರಿಯುತ್ತಲೇ ಇರಬೇಕು. ಇತ್ತೀರಿ ಎಂಬ ಊರಿನಲ್ಲಿ ಸಿಕ್ಕಿದ ಪುಟ್ಟ ಕಂಚಿನ ಗೊಂಬೆಯೊಂದು ಹೀಗೇ ಮೂರು ಕೊಳವೆ ಬಾಯಲ್ಲಿಟ್ಟುಕೊಂಡಿದೆ. ಅದು ಎರಡೂವರೆ ಸಾವಿರ ವರ್ಷಕ್ಕೂ ಹಳೆಯದು. ಅದರೆದುರು ಮುರ್ಜಾ ನುಡಿಸುವ ಸ್ಯಾಕ್ಸೊಫೋನ್ ತೀರ ಹೊಸದು, ಅದಕ್ಕೆ ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಪೇಟೆಂಟ್ ಪಡೆದದ್ದು 1846ರಲ್ಲಿ.

ಆ ದ್ವೀಪದ್ದೇ ಇನ್ನೊಂದಿದೆ, ಅದು ಹಾಡುಗಾರಿಕೆ. ಅದರ ಹೆಸರು ಕಾಂತು ಆ ತೆನೊರೆ. ಕುರಿ ಕಾಯುವವರ ಹಾಡು. ದ್ವೀಪದ ನಡುವಿನ ಬೆಟ್ಟದ ಸೀಮೆಯದು, ಮುರ್ಜಾ ಅವರ ನುವೊರೊ ಪಟ್ಟಣವೂ ಅಲ್ಲೇ ಇದೆ. ನಾಲ್ಕು ಜನ ಒಬ್ಬರಿಗೊಬ್ಬರು ಮುಖ ಮಾಡಿ ಒತ್ತಿ ನಿಲ್ಲುತ್ತಾರೆ. ಒಬ್ಬರು ಪದ್ಯ ಹೇಳುತ್ತಾರೆ. ಉಳಿದ ಮೂವರು ‘ಬಿಂ, ಬಾಂ, ಬೊ’ ಅನ್ನುವ ಥರದ ಅರ್ಥವಿಲ್ಲದ ಅಕ್ಷರಗಳಲ್ಲಿ ಉತ್ತರ ಕೊಡುತ್ತಾರೆ. ಎಲ್ಲಕ್ಕಿಂತ ಕೆಳಗಿನ ದನಿಗೆ ಬಾಸ್ಸು ಅನ್ನುತ್ತಾರೆ. ಗಂಟಲನ್ನು ಬಿಗಿ ಹಿಡಿದು, ಎದೆಯಿಂದ ಗರಗರ ಎಳೆದಂತೆ ಬರುತ್ತದೆ. ಎತ್ತಿನ ಕೂಗಿನಿಂದ ಕಲಿತದ್ದು ಅಂತ ಅಲ್ಲಿಯ ಜನ ಹೇಳುತ್ತಾರೆ. 2008ರಲ್ಲಿ ಯುನೆಸ್ಕೊ ಈ ಹಾಡುಗಾರಿಕೆಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಮುರ್ಜಾ ಸೊಪ್ರಾನೊ ಸ್ಯಾಕ್ಸ್, ಅಂದರೆ ಏರು ದನಿಯ ಪುಟ್ಟ ಸ್ಯಾಕ್ಸೊಫೋನ್ ನುಡಿಸುತ್ತಾರೆ, ಲೌನೆದ್ದಾಸ್ ನುಡಿಸುತ್ತಾರೆ, ಬಾಸ್ಸು ಹಾಡುತ್ತಾರೆ. ಮೂರಕ್ಕೂ ಒಂದೇ ಎದೆ, ಒಂದೇ ಗಂಟಲು. ಅದಕ್ಕೇ ಅವರ ಸ್ಯಾಕ್ಸಿನಲ್ಲಿ ಒಂದು ಸ್ವರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಹೊರಗಿನಿಂದ ತಂದು ಅಂಟಿಸಿದ್ದು ಏನೂ ಇಲ್ಲ ಅಲ್ಲಿ.

ಲೆಬನಾನ್ ಮೂಲದ ‘ಊದ್’ (ಅರಬ್ಬರ ತಂತಿವಾದ್ಯ) ವಾದಕ ರಬೀಹ್ ಅಬೂ ಖಲೀಲ್ ಅವರ ಜೊತೆ ಮುರ್ಜಾ ಮಾಡಿದ ಕೆಲಸ ಕೇಳಿ. ‘ಮಾರ್ಟನ್ಸ್ ಫುಟ್’ ಆಲ್ಬಮ್ಮಿನಲ್ಲಿ ಅವರು ಸ್ಯಾಕ್ಸ್ ಮುಟ್ಟುವುದಿಲ್ಲ, ದನಿ ಮಾತ್ರ. ಪಕ್ಕದಲ್ಲಿ ಮಿಶೆಲ್ ಗೊದಾರ್ ಅವರ ಟ್ಯೂಬಾ ಇದೆ. ಲೋಹದ ಅಷ್ಟು ದೊಡ್ಡ ವಾದ್ಯದ ಪಕ್ಕ ಒಬ್ಬ ಮನುಷ್ಯನ ಗಂಟಲು ಸಮಸಮ ನಿಲ್ಲುತ್ತದೆ. ನಾನು ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಎದ್ದು ಕೂತಿದ್ದೆ. 2012ರ ‘ಹಂಗ್ರಿ ಪೀಪಲ್’ನಲ್ಲಿ ಸೊಪ್ರಾನೊ ಸ್ಯಾಕ್ಸೂ ಇದೆ, ದನಿಯೂ ಇದೆ. ಎರಡರಲ್ಲಿ ಒಂದನ್ನೇ ಕೇಳಲು ಸಮಯ ಇದ್ದರೆ ಮೊದಲನೆಯದನ್ನು ಕೇಳಿ.

ನಮಗೆ, ಅದರಲ್ಲೂ ಕರಾವಳಿಯವರಿಗೆ, ಇದು ಹೊಸದಾಗಿ ಕಾಣಬಾರದು. ಕದ್ರಿ ಗೋಪಾಲನಾಥ್ ಅವರ ಮನೆಯದು ನಾಗಸ್ವರದ ಉಸಿರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮನಸೋತು, ಗಮಕ ಬರುವ ಹಾಗೆ ಅದನ್ನು ಪಳಗಿಸಲು ವರ್ಷಗಟ್ಟಲೆ ದುಡಿದರು. ಇವತ್ತು ದಕ್ಷಿಣ ಕನ್ನಡದ ದೇವಸ್ಥಾನದ ಜಾತ್ರೆಯಲ್ಲಿ, ಮದುವೆಯಲ್ಲಿ ಸ್ಯಾಕ್ಸೊಫೋನ್ ಕೇಳಿಸಿದರೆ ಯಾರೂ ‘ಇದು ಫ್ಯೂಷನ್’ ಅನ್ನುವುದಿಲ್ಲ. ಅದೇ ಕದ್ರಿಯವರು 2008ರಲ್ಲಿ ‘ಕಿನ್ಸ್‌ಮೆನ್’ ಆಲ್ಬಮ್ಮಿಗೆ ರುದ್ರೇಶ್ ಮಹಾಂತಪ್ಪ ಅವರ ಜೊತೆ ನುಡಿಸಿದರು. ರುದ್ರೇಶ್ ಅಮೆರಿಕದಲ್ಲಿ ಬೆಳೆದ ಜಾಝ್ ಕಲಾವಿದರು, ಹುಟ್ಟಿದ್ದು ಮಾತ್ರ ಇಟಲಿಯ ತ್ರಿಯೆಸ್ತೆಯಲ್ಲಿ. ಅಲ್ಲೂ ಇಬ್ಬರ ಸ್ಯಾಕ್ಸು ಒಂದನ್ನೊಂದು ಅಲಂಕರಿಸುವುದಿಲ್ಲ, ಎದುರುಬದುರು ಕೂತು ಮಾತಾಡುತ್ತವೆ.

ಲೌನೆದ್ದಾಸ್ ಕಲಿಯುವ ಮಕ್ಕಳಿಗೆ ಮೊದಲು ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ಊದಿಸುತ್ತಾರೆ. ಗುಳ್ಳೆ ನಿಲ್ಲಬಾರದು. ಇದನ್ನು ಅಕ್ಕನ ಮಗನಿಗೆ ಹೇಳಿದೆ. ಅಡುಗೆಮನೆಯಿಂದ ಸ್ಟೀಲ್ ಲೋಟ ತಂದು ಕೂತೇಬಿಟ್ಟ. ಮೂಗಿನಿಂದ ಉಸಿರೆಳೆದ ತಕ್ಷಣ ಗುಳ್ಳೆ ನಿಲ್ಲುತ್ತಿತ್ತು. ಮತ್ತೆ ಊದಿದ, ಮತ್ತೆ ನಿಂತಿತು. ಅಂಗಿಯೆಲ್ಲ ಒದ್ದೆ. ಆಮೇಲೆ ನನ್ನ ಫೋನ್ ತಗೊಂಡು ಮುರ್ಜಾ ಅವರ ಸ್ಯಾಕ್ಸನ್ನು ಕಣ್ಣು ಮುಚ್ಚಿ ಕೇಳಿದ. ಜಾಝೋ ಜಾನಪದವೋ ಅಂತ ಅವನು ಕೇಳಲಿಲ್ಲ. ‘ಮಾಮಾ, ಇವರು ಉಸಿರು ಎಲ್ಲಿ ತಗೊಂಡ್ರು?’ ಅಂದ. ಇಬ್ಬರೂ ಹಾಡನ್ನು ಹಿಂದಕ್ಕೆ ಎಳೆದು ಮೊದಲಿಂದ ಹುಡುಕಿದೆವು.