ಹಿಂದಿನ ಬೆರಳಿಲ್ಲದ ಹಕ್ಕಿ

ಮ್ಯಾಗಜೀನ್‌ಗೆ ಏನಾದ್ರೂ ಬರ್ಕೊಡಿ ಅಂತ ಹಳೇ ಸ್ಟೂಡೆಂಟ್ಸ್ ಗ್ರೂಪಲ್ಲಿ ಕೇಳಿದ್ರು. ಎನ್‌ಸಿಸಿ, ಸ್ಪೋರ್ಟ್ಸ್ ಡೇ ಎಲ್ಲಾ ಬೇರೆಯವ್ರು ಬರೀತಾರೆ ಬಿಡಿ, ನಂಗೆ ತುಮಕೂರಿನ ಸ್ಕೂಲು ಅಂದ್ರೆ ನೆನಪಾಗೋದು ನಮ್ ಡ್ರಾಯಿಂಗ್ ಮೇಷ್ಟ್ರು, ಆಮೇಲೆ ಒಂದು ಎರೆಭೂತ.

ಒಂಬತ್ತನೇ ಕ್ಲಾಸಲ್ಲಿ ಕಾಂಪಿಟೇಶನ್‌ಗೆ ಮರುಭೂಮಿ ಹಕ್ಕಿ ಬರೀಬೇಕಿತ್ತು. ಮೇಷ್ಟ್ರ ಆಲ್ಬಮ್ಮಲ್ಲಿ 1980ರ ಅಂಚೆ ಸ್ಟಾಂಪ್ ಇತ್ತು, 2 ರೂಪಾಯಿ 30 ಪೈಸೇದು, ಅದ್ರಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ರಾಜಸ್ಥಾನದ ರಾಜ್ಯಪಕ್ಷಿ, ಕನ್ನಡದಲ್ಲಿ ಎರೆಭೂತ. ಸ್ಟಾಂಪ್ ನೋಡ್ಕೊಂಡು ಕರೀ ಟೋಪಿ, ಬಿಳೀ ಕತ್ತು ಎಲ್ಲಾ ಬರ್ದೆ, ಹಿಂದೆ ಮರಳು ದಿಬ್ಬ, ಒಂದು ಒಂಟೆ, ಹಕ್ಕೀನ ಮಾತ್ರ ಚೆಂದಕ್ಕೆ ಮರದ ಕೊಂಬೆ ಮೇಲೆ ಕೂರಿಸ್ದೆ.

ಮೇಷ್ಟ್ರು ಬೈಲಿಲ್ಲ. "ಮನೇಲಿ ಕೋಳಿ ಐತೇನ್ಲಾ? ಅದ್ರ ಕಾಲು ಬರ್ಕೊಂಡ್ ಬಾ ಹೋಗು" ಅಂದ್ರು. ಅಜ್ಜಿ ಕೈಲಿ ಕೋಳಿ ಹಿಡಿಸ್ಕೊಂಡು ಬರ್ದೆ, ಮುಂದೆ ಮೂರು ಬೆರಳು, ಹಿಂದೆ ಒಂದು. "ಎರೆಭೂತಕ್ಕೆ ಈ ಹಿಂದಿನ ಬೆರಳೇ ಇಲ್ಲ ಕಣೋ, ಕೊಂಬೆ ಹೆಂಗ್ ಹಿಡ್ಕೊಳ್ಳುತ್ತೆ?" ಅಂದಾಗ ನಂಗೆ ತಲೇಲಿ ಏನೋ ತೆರ್ಕೊಂಡಂಗಾಯ್ತು. ಗಂಡು 15 ಕೆಜಿವರೆಗೂ ತೂಗುತ್ತೆ, ಹಾರೋಕೂ ಬರುತ್ತೆ, ಆದ್ರೆ ಬದುಕೆಲ್ಲಾ ನೆಲದ್ಮೇಲೇ, ಗೂಡು ಅಂತ ಕಟ್ಟಲ್ಲ, ಬರೀ ನೆಲದಲ್ಲಿ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ, ಅದ್ಕೆ ಕಾವು ಕೊಡೋದೂ ಹೆಣ್ಣೇ, ಗಂಡು ಕತ್ತಿನ ಚೀಲ ಊದಿಸ್ಕೊಂಡು ಗುಮ್ ಅಂತ ಸದ್ದು ಮಾಡ್ಕೊಂಡು ಮೆರೆಯುತ್ತೆ ಅಷ್ಟೇ (ಅಜ್ಜಿ ಇದನ್ನ ಕೇಳಿ ತಾತನ ಕಡೆ ನೋಡಿದ್ರು).

ಮರ ಅಳಿಸ್ದೆ. ದಿಬ್ಬಾನೂ ಅಳಿಸು ಅಂದ್ರು. ಇದು ಹುಲ್ಲುಗಾವಲಿನ ಹಕ್ಕಿ, ಮಿಡತೆ, ಓತಿಕ್ಯಾತ, ಎಲಚಿ ಹಣ್ಣು ತಿನ್ನುತ್ತೆ, ಮಧುಗಿರಿ ತಾಲೂಕಿನ ಮೈದನಹಳ್ಳೀಲಿ ಕೃಷ್ಣಮೃಗ ಇರೋ ಬಯಲು ನೋಡಿದ್ದೀಯಲ್ಲ, ಆ ಥರ ಹುಲ್ಲು ಹಾಕು ಅಂದ್ರು. ಕೊನೆಗೆ ಪಾಪ ಒಂಟೇನೂ ಹೋಯ್ತು. ನವಿಲು ಬರ್ದಿದ್ದವನಿಗೆ ಪ್ರೈಜ್ ಬಂತು, ಅವನು ಈಗ ಇದನ್ನ ಓದ್ತಿರ್ತಾನೆ.

ಕೊಂಬೆ ಪೂರ್ತಿ ಅಳಿಸ್ಲಿಕ್ಕೆ ಆಗಿರ್ಲಿಲ್ಲ, ಆಕಾಶದಲ್ಲಿ ಹಕ್ಕಿ ತಲೆ ಮುಂದೇನೇ ಒಂದು ಮಾಸಿದ ಗೆರೆ ಉಳಿದಿತ್ತು. ಈಗ ಕೆಲ್ಸದ ಮೇಲೆ ಪಾವಗಡಕ್ಕೆ ಹೋಗ್ತಿರ್ತೀನಿ, ಅಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು, ಎಲ್ಲಿ ನೋಡಿದ್ರೂ ಹೈಟೆನ್ಶನ್ ವೈರು. ಜೈಸಲ್ಮೇರ್ ಕಡೆ ಇದೇ ಥರದ ವೈರಿಗೆ ಎರೆಭೂತ ಡಿಕ್ಕಿ ಹೊಡ್ದು ಸಾಯುತ್ತೆ, ಯಾಕಂದ್ರೆ ಅದಕ್ಕೆ ಅಕ್ಕಪಕ್ಕ ಕಂಡಷ್ಟು ಮುಂದೆ ಕಾಣಲ್ಲ, ಭಾರದ ಮೈ ಬೇರೆ, ಗಕ್ಕನೆ ತಿರುಗೋಕಾಗಲ್ಲ. ಅಲ್ಲಿ ವೈರ್ ನೆಲದಡಿ ಹಾಕಿ ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳ್ಬೇಕಾಯ್ತು, 2024ರಲ್ಲಿ ಅದನ್ನೂ ಸಡಿಲ ಮಾಡಿದ್ರು.

ಆ ಶೀಟು ಡ್ರಾಯಿಂಗ್ ರೂಮಿನ ಬೀರುವಲ್ಲಿ ಇನ್ನೂ ಇದ್ರೆ ಯಾರಾದ್ರೂ ಒಂದು ಫೋಟೋ ತೆಗ್ದು ಕಳ್ಸಿ. ಗೆರೆ ಮಾತ್ರ ಅಳಿಸ್ಬೇಡಿ.