ಮಳೆಗಾಲದ ಪಾಲಿಹೌಸಿನಲ್ಲಿ ಟೊಮೆಟೊ ಗಿಡ ಸವರುವ ಬಗೆ

ಮಡಿಕೇರಿಯ ಸುತ್ತಮುತ್ತ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮಳೆಗಾಲದಲ್ಲಿ ಇಲ್ಲಿ ಟೊಮೆಟೊ ಬೆಳೆಯಬೇಕೆಂದರೆ ಪಾಲಿಹೌಸ್ ಇಲ್ಲದೆ ಆಗುವುದಿಲ್ಲ. ಆದರೆ ಮೇಲಿನ ಹೊದಿಕೆ ಮಳೆಹನಿಯನ್ನು ತಡೆಯುತ್ತದೆಯೇ ಹೊರತು ಗಾಳಿಯಲ್ಲಿ ತುಂಬಿರುವ ತೇವವನ್ನು ತಡೆಯುವುದಿಲ್ಲ. ತಂಪು ಹವೆಯಲ್ಲಿ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಅಂಗಮಾರಿ ರೋಗ ತಗಲಲು ಅಷ್ಟೇ ಸಾಕು. ಹೀಗಾಗಿ ಬೇರೆ ಕಡೆ ಹಣ್ಣಿನ ಗಾತ್ರಕ್ಕಾಗಿ ಗಿಡ ಸವರಿದರೆ, ಕೊಡಗಿನಲ್ಲಿ ಮೊದಲು ಗಾಳಿಯಾಡಲೆಂದು ಸವರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕ್ರಮವೆಲ್ಲ ಸುಳಿ ನಿಲ್ಲದೆ ಬೆಳೆಯುತ್ತಲೇ ಹೋಗುವ ತಳಿಗಳಿಗೆ ಮಾತ್ರ. ಗಿಡ್ಡವಾಗಿ ಪೊದೆಯಂತೆ ಹರಡುವ ತಳಿಯ ಕವಲುಗಳನ್ನು ಹೀಗೆ ತೆಗೆಯುತ್ತ ಹೋದರೆ ಫಸಲೇ ಕೈತಪ್ಪುತ್ತದೆ.

ಪಾಲಿಹೌಸಿನಲ್ಲಿ ಒಂದು ಗಿಡಕ್ಕೆ ಎರಡು ಕಾಂಡ ಬಿಡುವುದು ರೂಢಿ. ಮೊದಲ ಹೂಗೊಂಚಲಿನ ಕೆಳಗೆ ಹುಟ್ಟುವ ಚಿಗುರು ಎಲ್ಲಕ್ಕಿಂತ ಬಲವಾಗಿರುವುದರಿಂದ ಅದನ್ನೇ ಎರಡನೆಯ ಕಾಂಡವಾಗಿ ಉಳಿಸಿಕೊಳ್ಳುತ್ತಾರೆ. ಬೇಸಿಗೆಯ ಬೆಳೆಗೆ ಇದು ಸರಿ. ಆದರೆ ಬಿಸಿಲೇ ಕಾಣದ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ದಿನಗಳನ್ನು ದಾಟಬೇಕಾದ ಬೆಳೆಗೆ ಒಂದೇ ಕಾಂಡ ಸಾಕು. ಇರುವ ಅಲ್ಪ ಬೆಳಕು ಆಗ ಕೆಳಗಿನ ಎಲೆಗಳಿಗೂ ತಲುಪುತ್ತದೆ. ಮೇಲಿನ ತಂತಿಯಿಂದ ಇಳಿಬಿಟ್ಟ ಹುರಿಯನ್ನು ಬುಡದಲ್ಲಿ ಸಡಿಲವಾದ ಕುಣಿಕೆ ಹಾಕಿ ಕಟ್ಟಬೇಕು, ಏಕೆಂದರೆ ಕಾಂಡ ದಪ್ಪವಾದಾಗ ಬಿಗಿ ಗಂಟು ಅದನ್ನು ಕತ್ತರಿಸುತ್ತದೆ. ನಂತರ ಕಾಂಡವನ್ನು ಒಂದೇ ದಿಕ್ಕಿನಲ್ಲಿ, ಹೂಗೊಂಚಲು ಸಿಕ್ಕಿಕೊಳ್ಳದಂತೆ, ಹುರಿಗೆ ಸುತ್ತುತ್ತ ಹೋಗಬೇಕು.

ಎಲೆ ಮತ್ತು ಕಾಂಡದ ನಡುವಿನ ಕಂಕುಳಿನಲ್ಲಿ ಬರುವ ಚಿಗುರನ್ನು ತೆಗೆಯುವುದೇ ಇಲ್ಲಿ ಮುಖ್ಯ ಕೆಲಸ. ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರು ತೆಗೆದು ಪಳಗಿದ ಕೈಗೆ ಇದು ಕಷ್ಟವಲ್ಲ, ಆದರೆ ಟೊಮೆಟೊ ಅಷ್ಟು ದಿನ ಕಾಯುವುದಿಲ್ಲ. ಚಿಗುರು ಎರಡು ಮೂರು ಅಂಗುಲ ಮೀರುವ ಮೊದಲೇ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒಂದು ಪಕ್ಕಕ್ಕೆ ಬಾಗಿಸಿದರೆ ಬುಡದಲ್ಲೇ ಮುರಿದು ಬರುತ್ತದೆ. ಉಳಿಯುವ ಗಾಯ ಒಂದು ಕಡಲೆಕಾಳಿಗಿಂತ ಚಿಕ್ಕದು, ಗಾಳಿಯಾಡಿದರೆ ಸಂಜೆಯ ಹೊತ್ತಿಗೆ ಒಣಗಿರುತ್ತದೆ. ತಡಮಾಡಿ ದಪ್ಪಗಾದ ಚಿಗುರನ್ನು ಕತ್ತರಿಯಿಂದ ಕತ್ತರಿಸಿ ಮೋಟು ಬಿಟ್ಟರೆ ಅದರ ತುದಿಯಲ್ಲಿ ಬೂದು ಬಣ್ಣದ ಬೂಷ್ಟು ಕೂರುತ್ತದೆ, ಅಲ್ಲಿಂದ ಕಾಂಡಕ್ಕೆ ಇಳಿದು ಸುತ್ತಲೂ ಕೊಳೆಸಿ, ಮೇಲಿನ ಭಾಗವನ್ನೆಲ್ಲ ಬಾಡಿಸುತ್ತದೆ. ವಾರಕ್ಕೊಮ್ಮೆ ಎಂದು ದಿನ ಗೊತ್ತುಮಾಡಿಕೊಳ್ಳುವುದಕ್ಕಿಂತ, ಮಂಜು ಸರಿದು ಎಲೆ ಒಣಗಿರುವ ಹೊತ್ತನ್ನು ನೋಡಿ ಗಿಡಕ್ಕೆ ಕೈ ಹಾಕುವುದೇ ಇಲ್ಲಿ ಸೂಕ್ತ. ಬೀಡಿ ಸೇದುವ, ಹೊಗೆಸೊಪ್ಪು ಹಾಕುವ ಕೆಲಸಗಾರರು ಒಳಗೆ ಬರುವ ಮೊದಲು ಸೋಪು ಹಚ್ಚಿ ಕೈ ತೊಳೆಯಲೇಬೇಕು. ಮೊಸಾಯಿಕ್ ವೈರಸ್ ತಂಬಾಕಿನಿಂದ ಕೈಗೆ, ಕೈಯಿಂದ ಗಿಡಕ್ಕೆ ದಾಟುತ್ತದೆ. ರೋಗದ ಶಂಕೆಯಿರುವ ಗಿಡವನ್ನು ಕೊನೆಯಲ್ಲಿ ಮುಟ್ಟಬೇಕು.

ಬುಡದ ಎಲೆಗಳನ್ನು ನೆಲದಿಂದ ಸುಮಾರು ಒಂದು ಅಡಿಯವರೆಗೆ ಮೊದಲು ತೆಗೆಯಬೇಕು. ಮುಂದೆ, ಹಣ್ಣಾಗುತ್ತಿರುವ ಗೊಂಚಲಿನ ಕೆಳಗಿನವನ್ನು ಮಾತ್ರ, ಒಂದು ಸಲಕ್ಕೆ ಎರಡು ಮೂರರಂತೆ ತೆಗೆಯಬೇಕು. ಗಾಳಿಯಾಡಲಿ ಎಂದು ಹೇಳಿದೆನಾದರೂ ಗಿಡವನ್ನು ಬೋಳಿಸಬಾರದು. ಹಣ್ಣಿಗೆ ಸಕ್ಕರೆ ತುಂಬುವುದು ಎಲೆಯೇ. ಮೋಡದ ದಿನಗಳಲ್ಲಿ ಒಂದೊಂದು ಎಲೆ ಮಾಡುವ ಕೆಲಸ ಹೇಗೂ ಕಡಿಮೆ, ಆದ್ದರಿಂದ ಮೇಲಿನ ಹದಿನೈದರಷ್ಟು ಎಲೆಗಳು ಉಳಿದಿರಲಿ. ಕಿತ್ತ ಎಲೆ, ಚಿಗುರುಗಳನ್ನು ಸಾಲಿನಲ್ಲಿ ಬಿಡದೆ ಅಂದೇ ಪಾಲಿಹೌಸಿನಿಂದ ದೂರ ಒಯ್ದು ಹೂಳಬೇಕು.

ದೊಡ್ಡ ಹಣ್ಣಿನ ತಳಿಗಳಲ್ಲಿ ಗೊಂಚಲಿಗೆ ನಾಲ್ಕೈದು ಕಾಯಿ ಬಿಟ್ಟು ತುದಿಯವನ್ನು ಎಳೆಯವಾಗಿರುವಾಗಲೇ ಚಿವುಟಬಹುದು. ಸುಳಿ ತಂತಿ ಮುಟ್ಟಿದಾಗ ಹುರಿಯನ್ನು ಸ್ವಲ್ಪ ಸಡಿಲಿಸಿ, ಎಲೆ ತೆಗೆದ ಬುಡದ ಕಾಂಡವನ್ನು ಸಾಲಿನುದ್ದಕ್ಕೂ ನಿಧಾನವಾಗಿ ಬಾಗಿಸಿ ಮಲಗಿಸಬೇಕು. ತಂಪು ಮುಂಜಾನೆ ಕಾಂಡದಲ್ಲಿ ನೀರು ತುಂಬಿದ್ದು ಬೇಗ ಮುರಿಯುವುದರಿಂದ ಇದಕ್ಕೆ ಮಧ್ಯಾಹ್ನವೇ ಒಳ್ಳೆಯದು. ಬೆಳೆ ತೆಗೆಯಲು ಆರೇಳು ವಾರ ಇರುವಾಗ ಕೊನೆಯ ಗೊಂಚಲಿನ ಮೇಲೆ ಎರಡು ಎಲೆ ಬಿಟ್ಟು ಸುಳಿಯನ್ನು ಚಿವುಟಬೇಕು. ಸುಳಿ ಹೋದ ಗಿಡ ಕಂಕುಳ ಚಿಗುರುಗಳನ್ನು ಇನ್ನೂ ರಭಸದಿಂದ ಹೊರಡಿಸುತ್ತದೆ. ಅವನ್ನು ಕೊನೆಯ ಕೊಯ್ಲಿನವರೆಗೂ ತೆಗೆಯುತ್ತಲೇ ಇರಬೇಕು.